ಬೂಸ್ಟರ್ ಕೊಳ್ಳುವ ಮುಂಚೆ ಮೇನ್ ಸ್ವಿಚ್ ಆರಿಸಿ

"ರೇಡಿಯೊ ಬರೀ ಗೊರಗೊರ ಅನ್ನುತ್ತೆ, ಒಂದು ಬೂಸ್ಟರ್ ಹಾಕಿಕೊಡಿ ಸಾರ್" ಎಂದು ಅಂಗಡಿಗೆ ಬರುವವರಿಗೆ ನಾನು ಬೂಸ್ಟರ್, ಅಂದರೆ ಸಿಗ್ನಲ್ ಜೋರು ಮಾಡುವ ಡಬ್ಬಿ, ಕೊಡುವುದು ಅಪರೂಪ. ಬೆಂಗಳೂರಿನೊಳಗೆ ಆಕಾಶವಾಣಿಯ ಸಿಗ್ನಲ್‌ಗೇನೂ ಬರವಿಲ್ಲ. ಗಲಾಟೆ ಹೆಚ್ಚಾಗಿ ಮನೆಯೊಳಗಿನದೇ. ಬೂಸ್ಟರ್ ಹಾಕಿದರೆ ಅದೂ ಜೋರಾಗುತ್ತದೆ.

612 ಕಿಲೋಹರ್ಟ್ಸ್‌ನ ಮೀಡಿಯಂ ವೇವ್ ಕೇಳುವವರು ಸೆಲ್ ಹಾಕಿದ ರೇಡಿಯೊ ಹಚ್ಚಿಟ್ಟು ಮೇನ್ ಸ್ವಿಚ್ ಆರಿಸಿ. ಯುಪಿಎಸ್ ಇದ್ದರೆ ಅದನ್ನೂ. ಸದ್ದು ತಟ್ಟನೆ ತಿಳಿಯಾಯಿತೇ? ಈಗ ಒಂದೊಂದೇ ಸ್ವಿಚ್ ಹಾಕುತ್ತಾ ಬನ್ನಿ. ಕಳ್ಳ ಸಿಕ್ಕಿಬೀಳುತ್ತಾನೆ: ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇಲ್ಲವೇ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್. ಎಲ್ಲ ಆರಿಸಿದರೂ ಗೊರಗೊರ ನಿಲ್ಲದಿದ್ದರೆ ಪಕ್ಕದ ಫ್ಲ್ಯಾಟಿನದಿರಬಹುದು. ಅದಕ್ಕೂ ಉಪಾಯವಿದೆ. ಮೀಡಿಯಂ ವೇವ್‌ಗೆ ಏರಿಯಲ್ ಎಂದರೆ ರೇಡಿಯೊದೊಳಗೆ ತಾಮ್ರದ ತಂತಿ ಸುತ್ತಿರುವ ಕಪ್ಪು ಫೆರೈಟ್ ರಾಡು; ಹೊರಗೆ ಎಳೆಯುವ ಕಡ್ಡಿಗೂ ಅದಕ್ಕೂ ಸಂಬಂಧವಿಲ್ಲ. ರಾಡಿನ ತುದಿ ಯಾವ ದಿಕ್ಕಿಗಿದೆಯೋ ಆ ಕಡೆಯಿಂದ ಬರುವುದು ತೀರಾ ಕಡಿಮೆ ಕೇಳುತ್ತದೆ. ರೇಡಿಯೊವನ್ನು ನಿಧಾನವಾಗಿ ತಿರುಗಿಸಿ, ಗಲಾಟೆ ಅಡಗಿದ ಕಡೆ ಬಿಟ್ಟುಬಿಡಿ.

ಎಫ್‌ಎಂ ಲೆಕ್ಕ ಬೇರೆ. 101.3 ಮೆಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 3 ಮೀಟರ್. ಅಕ್ಕಪಕ್ಕದ ಕಾಂಕ್ರೀಟಿಗೆ ಬಡಿದು ಬಂದದ್ದೂ ನೇರವಾಗಿ ಬಂದದ್ದೂ ಒಂದನ್ನೊಂದು ಕೊಂದುಕೊಳ್ಳುವ ಜಾಗಗಳು ಕೋಣೆಯಲ್ಲೇ ಇರುತ್ತವೆ. ಎರಡು ಅಡಿ ಸರಿಸಿದರೆ ಸಾಕು, ಸತ್ತ ಸ್ಟೇಷನ್ ಎದ್ದು ಕೂರುತ್ತದೆ. ಕಬ್ಬಿಣದ ಗ್ರಿಲ್‌ನಿಂದ ದೂರವಿಡಿ. ಏರಿಯಲ್ ಸಾಕೆಟ್ ಇದ್ದರೆ 70 ಸೆಂಟಿಮೀಟರಿನ ಎರಡು ತಂತಿ ಆಚೀಚೆ ಚಾಚಿ ಟಿ ಆಕಾರದಲ್ಲಿ ಕಟ್ಟಿ. ಪೇಟೆಯಲ್ಲಿ ಸಿಗುವ ಮಿರಿಮಿರಿ ಏರಿಯಲ್‌ಗಳು ಬಹುಪಾಲು ಶೋಕೇಸಿಗೇ ಲಾಯಕ್ಕು. ಟವರಿನ ಹತ್ತಿರವೇ ಮನೆಯಿದ್ದು ಸ್ಟೇಷನ್‌ಗಳು ಒಂದರ ಮೇಲೊಂದು ಬೀಳುತ್ತಿದ್ದರೆ ಕಡ್ಡಿಯನ್ನು ಗಿಡ್ಡ ಮಾಡಿ.

ಟಿವಿ ವಿಷಯ ಚಿಕ್ಕದು. ಡಿಡಿ ಫ್ರೀ ಡಿಶ್‌ನ ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವದಲ್ಲಿ. ನಮ್ಮೂರಿನಿಂದ ಡಿಶ್ ಆಗ್ನೇಯಕ್ಕೆ, ಸುಮಾರು 66 ಡಿಗ್ರಿ ಮೇಲಕ್ಕೆ ನೋಡಬೇಕು. ಜಡಿಮಳೆಯಲ್ಲಿ ಚಿತ್ರ ಹೋದರೆ ಕಾಯಿರಿ. ಮಳೆ ನಿಂತು ಎಷ್ಟು ಹೊತ್ತಾದರೂ ಬಾರದಿದ್ದರೆ ಡಿಶ್ ಮುಟ್ಟಬೇಡಿ, ಡಿಶ್ಶಿನ ಮುಂದೆ ಕೋಲಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ಸಿಕ್ಕಿಸಿದ ಕನೆಕ್ಟರ್ ಬಿಚ್ಚಿ ನೋಡಿ. ನಡುವಿನ ತಂತಿ ಹಸಿರುಗಟ್ಟಿದ್ದರೆ ನೀರು ಇಳಿದಿದೆ. ತಾಮ್ರ ಹೊಳೆಯುವವರೆಗೂ ಕೇಬಲ್ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ಅದರ ಕೆಳಗೆ ಕೇಬಲನ್ನು ಜೋಲುಬಿಟ್ಟು ಕಟ್ಟಿ. ಮುಂದಿನ ಮಳೆಯ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.