ತಲೆಕೆಳಗಾದ ತ್ರಿಭುಜ

ಅಕ್ಕನ ಮಗಳಿಗೆ ನಾಲ್ಕು ವರ್ಷ. ಗೋಡೆಯ ಚಾರ್ಟಿನಲ್ಲಿರುವ ವೃತ್ತ, ಚೌಕ, ತ್ರಿಭುಜಗಳನ್ನೆಲ್ಲ ಬೆರಳಿಟ್ಟು ತೋರಿಸಿ ಹೆಸರು ಹೇಳುತ್ತಾಳೆ. ಬಂದ ನೆಂಟರೆಲ್ಲ ಚಪ್ಪಾಳೆ ತಟ್ಟಿದ್ದೂ ಆಗಿದೆ. ಒಂದು ದಿನ ರಟ್ಟಿನಲ್ಲಿ ಕತ್ತರಿಸಿದ ತ್ರಿಭುಜವೊಂದನ್ನು ಮೂಲೆ ಕೆಳಗೆ ಬರುವಂತೆ ಹಿಡಿದು, ಇದೇನು ಎಂದು ಕೇಳಿದೆ. ತಲೆ ಓರೆ ಮಾಡಿ ನೋಡಿದಳು. "ಇದು ತ್ರಿಭುಜ ಅಲ್ಲ ಮಾವ, ಬಿದ್ದುಹೋಗಿದೆ" ಎಂದಳು.

ಚಾರ್ಟನ್ನು ನೋಡಿದರೆ ಅವಳದೇನೂ ತಪ್ಪಿಲ್ಲ. ಅಲ್ಲಿರುವ ತ್ರಿಭುಜ ಒಂದೇ: ಮೂರೂ ಬಾಹು ಸಮ, ತಳ ನೆಲಕ್ಕೆ ಊರಿದೆ, ತುದಿ ಆಕಾಶಕ್ಕೆ. ಆ ಒಂದು ಚಿತ್ರದ ಹೆಸರನ್ನು ಅವಳು ಚೆನ್ನಾಗಿಯೇ ಕಲಿತಿದ್ದಾಳೆ. ನೆದರ್ಲೆಂಡ್ಸ್‌ನ ಗಣಿತ ಶಿಕ್ಷಕ ದಂಪತಿ ಪಿಯರ್ ಮತ್ತು ಡೀನಾ ವಾನ್ ಹೀಲ 1957ರ ತಮ್ಮ ಸಂಶೋಧನಾ ಪ್ರಬಂಧಗಳಲ್ಲಿ ಜ್ಯಾಮಿತಿಯ ಕಲಿಕೆಯನ್ನು ಮೆಟ್ಟಿಲುಗಳಾಗಿ ವಿಂಗಡಿಸಿದರು. ಮೊದಲ ಮೆಟ್ಟಿಲಿನಲ್ಲಿ ಆಯತ ಎಂದರೆ ಬಾಗಿಲಿನ ಹಾಗಿರುವುದು, ಅಷ್ಟೆ. ಬಾಹು ಎಷ್ಟು, ಕೋನ ಎಂಥದ್ದು ಎಂದು ಲಕ್ಷಣ ಹಿಡಿದು ನೋಡುವುದು ಮುಂದಿನ ಮೆಟ್ಟಿಲು. ವಯಸ್ಸಾದ ಮಾತ್ರಕ್ಕೆ ಯಾರೂ ಅಲ್ಲಿಗೆ ಏರುವುದಿಲ್ಲ, ಕಲಿಸುವ ರೀತಿ ಏರಿಸಬೇಕು ಎಂಬುದು ಅವರ ವಾದ.

ಗಣಿತ ಶಿಕ್ಷಣದ ಸಂಶೋಧಕ ಡಗ್ಲಸ್ ಕ್ಲೆಮೆಂಟ್ಸ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪುಟ್ಟ ಮಕ್ಕಳು ವೃತ್ತವನ್ನು ನೂರಕ್ಕೆ 90ಕ್ಕಿಂತ ಹೆಚ್ಚು ಸಲ ಸರಿಯಾಗಿ ಗುರುತಿಸಿದರು. ತ್ರಿಭುಜದಲ್ಲಿ ಅದು ಸುಮಾರು 60ಕ್ಕೆ ಇಳಿಯಿತು. ವೃತ್ತವನ್ನು ಹೇಗೆ ತಿರುಗಿಸಿದರೂ ಅದು ಬದಲಾಗುವುದಿಲ್ಲವಲ್ಲ! ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿ ನೋಡಿ, ಮಗು ಅದನ್ನು ಬರ್ಫಿ ಎನ್ನುತ್ತದೆ. ಹೊಟ್ಟೆ ಉಬ್ಬಿದ ಸಮೋಸವನ್ನು ಮಾತ್ರ, ಅದರ ಬಾಹುಗಳು ನೇರವಿಲ್ಲದಿದ್ದರೂ, ತಕರಾರಿಲ್ಲದೆ ತ್ರಿಭುಜಗಳ ಸಾಲಿಗೆ ಸೇರಿಸುತ್ತದೆ. ಸಮೋಸವನ್ನೇ ತ್ರಿಭುಜದ ಉದಾಹರಣೆಯಾಗಿ ಅಚ್ಚು ಹಾಕುವ ಚಾರ್ಟುಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮಗುವಿನ ಪಾಡನ್ನೂ ಯೋಚಿಸಬೇಕು. ಲೋಟವನ್ನು ಕವುಚಿಟ್ಟರೂ ಲೋಟವೇ, ಚಪ್ಪಲಿ ಮಗುಚಿ ಬಿದ್ದರೂ ಚಪ್ಪಲಿಯೇ. ತ್ರಿಭುಜವೂ ಹಾಗೆಯೇ ಎಂದು ನಾವು ಒಪ್ಪಿಸಲು ಹೊರಡುವ ಹೊತ್ತಿಗೇ ಬರವಣಿಗೆ ಶುರುವಾಗುತ್ತದೆ. ಅಲ್ಲಿ ನಿಯಮ ತಿರುಗುಮುರುಗು: 6 ಅನ್ನು ತಲೆಕೆಳಗು ಮಾಡಿದರೆ 9. ನಮ್ಮ ೬ ಮತ್ತು ೯ ಅಂತೂ ಬಸ್ಸಿನ ಫಲಕದಲ್ಲಿ ದೊಡ್ಡವರನ್ನೇ ತಬ್ಬಿಬ್ಬು ಮಾಡುತ್ತವೆ. ಐದಾರು ವರ್ಷದವರು ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ಬರೆಯುವುದು ಸಾಮಾನ್ಯ, ಗದರಿಸಬೇಕಾದ ತಪ್ಪೇನಲ್ಲ. ಅಕ್ಷರ ಕಲಿಯುವುದೂ ಆಕಾರ ಹಿಡಿಯುವ ಕೆಲಸವೇ. ಕರ್ನಾಟಕದ ನಲಿಕಲಿ ತರಗತಿಗಳಲ್ಲಿ ಮಕ್ಕಳು ಅ, ಆ, ಇ ಕ್ರಮ ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸುವುದು ಇದೇ ಕಾರಣಕ್ಕೆ. ಬರೆಯಲು ಸುಲಭವಾದ ಅಕ್ಷರಗಳು ಮೊದಲು.

ಹಾಗಾದರೆ ಕಲಿಸುವುದು ಹೇಗೆ? 2013ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ ನಾಲ್ಕೈದು ವರ್ಷದ ಮಕ್ಕಳನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ದೊಡ್ಡವರು ಆಕಾರಗಳ ಲಕ್ಷಣವನ್ನು ವಿವರಿಸಿದರು. ಇನ್ನೊಂದು ಗುಂಪು ತನ್ನ ಪಾಡಿಗೆ ಆಡಿಕೊಂಡಿತು. ಮೂರನೆಯದು ಪತ್ತೇದಾರರ ಆಟ: ಈ ಆಕಾರಗಳ ಗುಟ್ಟೇನು, ಎಲ್ಲದರಲ್ಲೂ ಒಂದೇ ಆಗಿರುವುದು ಯಾವುದು ಎಂದು ಮಕ್ಕಳೇ ಹುಡುಕಬೇಕು, ದೊಡ್ಡವರು ಪ್ರಶ್ನೆ ಕೇಳಿ ದಾರಿ ತೋರಬೇಕು. ಓರೆಯಾಗಿ, ಸೊಟ್ಟಗೆ, ತೆಳ್ಳಗೆ ಇದ್ದ ತ್ರಿಭುಜಗಳನ್ನೂ ಹೆಚ್ಚು ಚೆನ್ನಾಗಿ ಗುರುತಿಸಿದವರು ಈ ಪತ್ತೇದಾರರು. ವಾರದ ಮೇಲೂ ಅದು ಮರೆತಿರಲಿಲ್ಲ.

ನಾನು ಅಕ್ಕನ ಮಗಳಿಗೆ ಪೊರಕೆಕಡ್ಡಿ ಮುರಿದುಕೊಟ್ಟೆ. ಮೂರು ಕಡ್ಡಿ ಜೋಡಿಸಿ ಮನೆ ಕಟ್ಟು, ಎಲ್ಲೂ ಸಂದು ಇರಬಾರದು, ಇರುವೆ ಒಳಗೆ ಬರಬಾರದು ಎಂದೆ. ಸೊಟ್ಟ ಮನೆ, ಮಲಗಿದ ಮನೆ, ತಲೆಕೆಳಗಾದ ಮನೆ ಎಲ್ಲವೂ ಎದ್ದವು. ಎಲ್ಲದಕ್ಕೂ ಮೂರೇ ಗೋಡೆ ಎಂದು ಅವಳೇ ಎಣಿಸಿ ಹೇಳಿದಳು. ಆಮೇಲೆ ಬೇಕೆಂದೇ ಎರಡು ತುಂಡು ಕಡ್ಡಿ, ಒಂದು ಉದ್ದ ಕಡ್ಡಿ ಕೊಟ್ಟೆ. ಅತ್ತ ತಳ್ಳಿದಳು, ಇತ್ತ ಎಳೆದಳು, ತುದಿಗಳು ಕೂಡಲಿಲ್ಲ. ತ್ರಿಭುಜದ ಯಾವ ಎರಡು ಬಾಹು ಸೇರಿದರೂ ಮೂರನೆಯದಕ್ಕಿಂತ ಉದ್ದವಿರಬೇಕು ಎಂದು ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ 'ಎಲಿಮೆಂಟ್ಸ್' ಗ್ರಂಥದ ಮೊದಲ ಸಂಪುಟದಲ್ಲೇ ಸಾಧಿಸಿದ್ದಾನೆ. ಅವಳಿಗೆ ಅದು ಶಾಲೆಯಲ್ಲಿ ಸಿಗುವುದು ಎಷ್ಟೋ ವರ್ಷಗಳ ನಂತರ. ಸದ್ಯಕ್ಕೆ ಉದ್ದ ಕಡ್ಡಿಯನ್ನು ನನ್ನ ಕೈಗಿತ್ತು, "ಇದನ್ನು ಮುರಿದುಕೊಡು ಮಾವ, ಇರುವೆ ಬರುತ್ತದೆ" ಎಂದಳು.