ಸೆರಾಮಿಕ್ ಒಳಗೆ ಲೇಸರ್ ಬೆಳಕು ಹಾಯುವುದು ಹೇಗೆ?

ಓದುಗರ ಪ್ರಶ್ನೆ: ಸೆರಾಮಿಕ್ ಅಂದರೆ ಬೆಳ್ಳಗೆ ಮಬ್ಬಾಗಿರುವ ವಸ್ತು ಅಲ್ವಾ? ಭಾರೀ ಶಕ್ತಿಯ ಲೇಸರ್‌ಗಳಲ್ಲಿ ಅದನ್ನೇ ಬಳಸುತ್ತಾರಂತೆ. ಬೆಳಕು ಹಾಯುವುದಾದರೂ ಹೇಗೆ? ಒಳ್ಳೆಯ ಹರಳು ಇರುವಾಗ ಇದರ ಗೋಜು ಯಾಕೆ?

ಉತ್ತರ: ಆ ಮಬ್ಬಿಗೆ ಮುಖ್ಯ ಕಾರಣ ಒಳಗೆ ಸಿಕ್ಕಿಕೊಂಡ ಗಾಳಿ. ಗಾಜನ್ನು ಪುಡಿ ಮಾಡಿದರೆ ಬೆಳ್ಳಗಾಗುತ್ತದಲ್ಲ, ಹಾಗೆಯೇ. ಸೆರಾಮಿಕ್ ಅಂದರೆ ಪುಡಿಯನ್ನು ಒತ್ತಿ, ಕರಗಿಸದೆ ಕಾಯಿಸಿ ಬೆಸೆದದ್ದು. ಕಣಗಳ ನಡುವೆ ಸಣ್ಣ ಸಣ್ಣ ತೂತುಗಳು ಉಳಿಯುತ್ತವೆ. ಒಂದೊಂದು ತೂತೂ ಬೆಳಕನ್ನು ಚದುರಿಸುತ್ತದೆ.

ಇನ್ನೊಂದು ತೊಂದರೆಯೂ ಇದೆ. ಅಲ್ಯುಮಿನಾದಂಥ (ಅಲ್ಯುಮಿನಿಯಂ ಆಕ್ಸೈಡ್) ವಸ್ತುವಿನಲ್ಲಿ ಬೆಳಕು ಬಾಗುವ ಪ್ರಮಾಣ ದಿಕ್ಕಿನ ಮೇಲೆ ನಿಂತಿದೆ. ಕಣಗಳು ಅಡ್ಡಾದಿಡ್ಡಿ ಕೂತಿರುವುದರಿಂದ ಪ್ರತಿ ಗಡಿಯಲ್ಲೂ ಬೆಳಕು ಎಡವುತ್ತದೆ. ಯಿಟ್ರಿಯಂ ಅಲ್ಯುಮಿನಿಯಂ ಗಾರ್ನೆಟ್‌ಗೆ, ಅಂದರೆ ಎಲ್ಲರೂ ಯಾಗ್ ಅನ್ನುವ ವಸ್ತುವಿಗೆ, ಈ ಕಾಟವಿಲ್ಲ. ಅದರ ಅಣುಗಳ ಜೋಡಣೆ ಘನಾಕಾರದ್ದು, ಯಾವ ಕಡೆಯಿಂದ ಬಂದರೂ ಬೆಳಕಿಗೆ ಒಂದೇ.

ಹಾಗಾಗಿ ಕೆಲಸವೆಲ್ಲ ತೂತು ಮುಚ್ಚುವುದರಲ್ಲೇ. ಹೇಳೋದು ಸುಲಭ. ಪುಡಿ ಮೈಕ್ರಾನ್‌ಗಿಂತ ಸಣ್ಣದಿರಬೇಕು, ತುಂಬ ಶುದ್ಧವಾಗಿರಬೇಕು. ಚೂರೇ ಚೂರು ಸಿಲಿಕಾ ಬೆರೆಸಿ, ವ್ಯಾಕ್ಯೂಮ್ ಕುಲುಮೆಯಲ್ಲಿ ಸುಮಾರು 1700 ಡಿಗ್ರಿ ಸೆಲ್ಸಿಯಸ್‌ಗೆ ಗಂಟೆಗಟ್ಟಲೆ ಕಾಯಿಸುತ್ತಾರೆ. ವ್ಯಾಕ್ಯೂಮ್ ಯಾಕೆಂದರೆ, ಗಾಳಿ ಹೊರಗೆ ಹೋಗಬೇಕು. ಅವಸರ ಮಾಡಿದರೆ ಕೆಟ್ಟಿತು. ಕಣಗಳು ಬೇಗ ಬೆಳೆದು ತೂತನ್ನು ತಮ್ಮ ಹೊಟ್ಟೆಯೊಳಗೇ ನುಂಗುತ್ತವೆ. ಗಡಿಯಲ್ಲಿದ್ದ ತೂತು ಗಡಿಯುದ್ದಕ್ಕೂ ಸರಿದು ಮುಚ್ಚಿಹೋಗಬಹುದು, ಕಣದೊಳಗೆ ಸೇರಿಕೊಂಡದ್ದನ್ನು ಹೊರಡಿಸುವುದು ಬಲು ಕಷ್ಟ. 1995ರಲ್ಲಿ ಜಪಾನಿನ ಅಕಿಯೊ ಇಕೆಸುಯೆ ತಂಡ ನಿಯೋಡಿಮಿಯಂ (ಲೇಸರ್ ಬೆಳಕನ್ನು ಹೊಮ್ಮಿಸುವ ಧಾತು) ಬೆರೆಸಿದ ಯಾಗ್ ಸೆರಾಮಿಕ್ ಮಾಡಿ, ಹರಳಿಗೆ ಸಾಟಿಯಾಗುವ ಲೇಸರ್ ತೆಗೆದು ತೋರಿಸಿತು.

ಇನ್ನು ಗೋಜು ಯಾಕೆ ಅನ್ನೋದು. ಹರಳು ಬೆಳೆಸಲು ಯಾಗ್ ಅನ್ನು 1900 ಡಿಗ್ರಿಗೂ ಮೇಲೆ ಕರಗಿಸಿ, ಇರಿಡಿಯಂ ಪಾತ್ರೆಯಿಂದ ವಾರಗಟ್ಟಲೆ ನಿಧಾನವಾಗಿ ಮೇಲಕ್ಕೆ ಎಳೆಯಬೇಕು. ನಿಯೋಡಿಮಿಯಂ ಹರಳಿನೊಳಗೆ ಸೇರಲು ಒಲ್ಲೆನ್ನುತ್ತದೆ, ಶೇ. 1ರ ಆಸುಪಾಸಿಗೇ ನಿಲ್ಲುತ್ತದೆ. ಸೆರಾಮಿಕ್‌ನಲ್ಲಿ ಜಾಸ್ತಿ ಸೇರಿಸಬಹುದು. ದೊಡ್ಡ ಹಲಗೆ ಮಾಡಬಹುದು. ನಡುವೆ ನಿಯೋಡಿಮಿಯಂ, ಅಂಚಿಗೆ ಬೇಡದ ಬೆಳಕನ್ನು ಹೀರುವ ಸಮಾರಿಯಂ, ಹೀಗೆ ಪದರಗಳನ್ನೂ ಒಟ್ಟಿಗೇ ಬೆಸೆಯಬಹುದು. ನನಗೆ ಎಲ್ಲಕ್ಕಿಂತ ದೊಡ್ಡ ಲಾಭ ಇದೇ ಅನಿಸುತ್ತದೆ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯ ಇಂಥ 10 ಸೆಂಟಿಮೀಟರ್ ಅಗಲದ ಹಲಗೆಗಳಿಂದಲೇ 67 ಕಿಲೋವ್ಯಾಟ್ ಸರಾಸರಿ ಶಕ್ತಿ ಪಡೆಯಿತು. ಲುಟೀಷಿಯಂ ಆಕ್ಸೈಡ್‌ನಂಥ ಬೇರೆ ಲೇಸರ್ ವಸ್ತುಗಳು ಕರಗಲು 2400 ಡಿಗ್ರಿ ದಾಟಬೇಕು. ಅಲ್ಲಿ ಹರಳಿನ ದಾರಿ ತೀರಾ ಕಠಿಣ, ಸೆರಾಮಿಕ್ ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಯಲ್ಲಿ ಆಗಿಬಿಡುತ್ತದೆ.

ಆದರೆ ಸೆರಾಮಿಕ್ ಬಿಸಿಯನ್ನು ಹರಳಿಗಿಂತ ಬೇಗ ಹೊರಹಾಕುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಶಕ್ತಿ ಏರಿಸಿದಂತೆ ಹಲಗೆ ಕಾಯುತ್ತದೆ, ಬೆಳಕಿನ ಕಿರಣ ವಕ್ರವಾಗುತ್ತದೆ, ತಂಪು ಮಾಡುವ ವ್ಯವಸ್ಥೆ ಬೇಕೇ ಬೇಕು.