ಹೊಳೆಯಿಲ್ಲದ ಊರಿಗೆ ಹೊಳೆಯ ಹಾಡು

ಜೆರುಸಲೇಮಿನಲ್ಲಿ ಹೊಳೆ ಇಲ್ಲ. ಊರಿನ ಪೂರ್ವಕ್ಕೆ ಕಿದ್ರೋನ್ ಕಣಿವೆ ಇದೆ, ನಿಜ. ಚಳಿಗಾಲದ ಮಳೆ ಜೋರಾಗಿ ಬಿದ್ದರೆ ಅಲ್ಲಿ ಒಂದಿಷ್ಟು ನೀರು ಹರಿಯುತ್ತದೆ. ಉಳಿದ ದಿನಗಳಲ್ಲಿ ಬರೀ ಕಲ್ಲು, ಮಣ್ಣು. ಆದರೆ ಬೈಬಲಿನ 46ನೇ ಕೀರ್ತನೆ ಬೇರೆಯೇ ಮಾತು ಹೇಳುತ್ತದೆ. ಒಂದು ನದಿ ಇದೆಯಂತೆ, ಅದರ ಕಾಲುವೆಗಳು ದೇವರ ಪಟ್ಟಣಕ್ಕೆ ಸಂತೋಷ ತರುತ್ತವಂತೆ. ಯಾವ ನದಿ ಸ್ವಾಮಿ ಅದು?

ಎರಡು ಕೀರ್ತನೆ ದಾಟಿ 48ಕ್ಕೆ ಬನ್ನಿ. ಅಲ್ಲಿ ಚೀಯೋನ್ ಬೆಟ್ಟ, ಅಂದರೆ ಜೆರುಸಲೇಮಿನ ದೇವಾಲಯದ ದಿಬ್ಬ, ಎತ್ತರವಾದದ್ದು, ಚೆಲುವಾದದ್ದು, ಇಡೀ ಭೂಮಿಗೆ ಸಂತೋಷ ಕೊಡುವಂಥದ್ದು. ಅದು ಇರುವುದು ಉತ್ತರದ ತುತ್ತತುದಿಯಲ್ಲಿ. (ಜಿಯಾನ್ ಎನ್ನುವುದನ್ನು ಕನ್ನಡ ಬೈಬಲಿನಲ್ಲಿ ಚೀಯೋನ್ ಎಂದು ಬರೆಯುವ ರೂಢಿ. ನಾನೂ ಹಾಗೇ ಬರೆಯುತ್ತೇನೆ.) ಈಗ ಅಳತೆ ನೋಡೋಣ. ದೇವಾಲಯವಿದ್ದ ದಿಬ್ಬದ ಎತ್ತರ ಸಮುದ್ರಮಟ್ಟದಿಂದ ಸುಮಾರು 740 ಮೀಟರ್. ಎದುರಿನ ಎಣ್ಣೇಮರಗಳ ಗುಡ್ಡ 800 ಮೀಟರ್ ದಾಟುತ್ತದೆ. ಮೊದಲ ಊರು ಇದ್ದದ್ದು ದೇವಾಲಯದ ದಿಬ್ಬಕ್ಕಿಂತಲೂ ಕೆಳಗೆ, ದಕ್ಷಿಣಕ್ಕೆ ಚಾಚಿದ ಒಂದು ಸಣ್ಣ ಏಣಿನ ಮೇಲೆ. ನಮ್ಮ ಲೆಕ್ಕದಲ್ಲಿ ಹನ್ನೆರಡು-ಹದಿನೈದು ಎಕರೆ ಜಾಗ. ಒಂದು ಸಾಧಾರಣ ತೋಟದಷ್ಟು. ಇನ್ನು ಉತ್ತರದ ತುದಿ? ಜೆರುಸಲೇಮ್ ಇರುವ ಯೆಹೂದ ಸೀಮೆಯೇ ಇಸ್ರಾಯೇಲ್ಯರ ನಾಡಿನ ದಕ್ಷಿಣ ಭಾಗ.

ಹಾಡು ಕಟ್ಟಿದವರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಜೆರುಸಲೇಮಿನ ಸುತ್ತಲೂ ಬೆಟ್ಟಗಳಿವೆ ಎಂದು 125ನೇ ಕೀರ್ತನೆಯೇ ಹೇಳುತ್ತದೆ. ಕಡೆಯ ದಿನಗಳಲ್ಲಿ ದೇವರ ಆಲಯದ ಬೆಟ್ಟ ಉಳಿದೆಲ್ಲ ಬೆಟ್ಟಗಳಿಗಿಂತ ಎತ್ತರವಾಗಿ ನಿಲ್ಲುತ್ತದೆ ಎಂಬ ಮಾತು ಬೈಬಲಿನ ಪ್ರವಾದಿಗಳಾದ ಯೆಶಾಯನ ಪುಸ್ತಕದಲ್ಲೂ ಇದೆ, ಮೀಕನ ಪುಸ್ತಕದಲ್ಲೂ ಇದೆ. ಮುಂದೆ ಎತ್ತರವಾಗುತ್ತದೆ ಎಂದರೆ ಈಗ ಅಲ್ಲ ಅಂತ ತಾನೇ? ನನಗೆ ತುಂಬ ಇಷ್ಟವಾಗುವುದು 68ನೇ ಕೀರ್ತನೆ. ಅದರಲ್ಲಿ ಬಾಷಾನಿನ ಎತ್ತರದ ಶಿಖರಗಳನ್ನೇ ಗದರಿಸುತ್ತಾರೆ. ದೇವರು ತನಗೆ ಬೇಕೆಂದ ಗುಡ್ಡವನ್ನು ನೀವು ಯಾಕೆ ಹೊಟ್ಟೆಕಿಚ್ಚಿನಿಂದ ನೋಡುತ್ತೀರಿ ಎಂದು.

ಉತ್ತರದ ಒಗಟು ಬಿಡಿಸಲು ಒಬ್ಬ ರೈತ ಬೇಕಾಯಿತು. 1928ರಲ್ಲಿ ಸಿರಿಯಾದ ಕರಾವಳಿಯಲ್ಲಿ ಉಳುತ್ತಿದ್ದಾಗ ಅವನ ನೇಗಿಲಿಗೆ ಹಳೆಯ ಸಮಾಧಿಯ ಕಲ್ಲು ತಾಗಿತು. ಮರುವರ್ಷ ಅಗೆತ ಶುರುವಾಯಿತು. ಕ್ರಿ.ಪೂ. 1200ರ ಸುಮಾರಿಗೆ ಹಾಳಾಗಿದ್ದ ಉಗಾರಿತ್ ಎಂಬ ನಗರ ಹೊರಬಂತು. ಅಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಬಾಳ್ ದೇವರ ಕತೆಗಳಿದ್ದವು. ಬಾಳನ ಮನೆ ಇರುವುದು ಸಾಫೋನ್ ಬೆಟ್ಟದ ಮೇಲೆ. ಇವತ್ತಿನ ಸಿರಿಯಾ-ಟರ್ಕಿ ಗಡಿಯಲ್ಲಿ ಸಮುದ್ರದ ಪಕ್ಕದಿಂದಲೇ ಎದ್ದು 1,700 ಮೀಟರ್ ದಾಟುವ ಬೆಟ್ಟ ಅದು. ಸಿಡಿಲಿನ ದೇವರಿಗೆ ತಕ್ಕ ಜಾಗ. ಹೀಬ್ರೂವಿನಲ್ಲಿ ಉತ್ತರ ದಿಕ್ಕಿಗೆ ಇರುವ ಪದವೂ ಸಾಫೋನ್. ಹಾಗಾದರೆ 48ನೇ ಕೀರ್ತನೆ ದಿಕ್ಕು ತಪ್ಪಿಲ್ಲ. ನೆರೆಯವರ ದೇವರ ಬೆಟ್ಟದ ಹೆಸರನ್ನೇ ಎತ್ತಿ ತಂದು ತಮ್ಮ ಪುಟ್ಟ ದಿಬ್ಬಕ್ಕೆ ಕೊಟ್ಟಿದೆ. ನಿಮ್ಮ ಬಾಳನ ಸಾಫೋನ್ ಅಲ್ಲಿರಲಿ, ನಿಜವಾದದ್ದು ಇಲ್ಲಿದೆ ಎನ್ನುವ ಧಾಟಿ.

ಇಷ್ಟು ಧೈರ್ಯ ಯಾಕೆ ಬೇಕಾಯಿತು? ಈ ಊರು ಮೊದಲಿನಿಂದ ಅವರದಾಗಿರಲಿಲ್ಲ, ಅದಕ್ಕೇ ಇರಬೇಕು. ಕ್ರಿ.ಪೂ. 14ನೇ ಶತಮಾನದಲ್ಲೇ ಊರಿನ ದೊರೆ ಅಬ್ದಿ-ಹೆಬ ಎಂಬವನು ಈಜಿಪ್ಟಿನ ಫರೋಹನಿಗೆ ಕಾಗದ ಬರೆದಿದ್ದಾನೆ. ಊರಿನ ಹೆಸರು ಅದರಲ್ಲಿ ಉರುಸಲಿಮ್. ಇದು ಶಲೇಮ್ ಎಂಬ ಮುಸ್ಸಂಜೆಯ ದೇವರ ಹೆಸರಿನಿಂದ ಬಂದದ್ದು ಎನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಶಾಂತಿಯ ನಗರ ಎಂಬ ಅರ್ಥ ಆಮೇಲೆ ಹುಟ್ಟಿಕೊಂಡದ್ದು. ಬೈಬಲಿನ ಪ್ರಕಾರ ದಾವೀದ ಇದನ್ನು ಯೆಬೂಸಿಯರ ಕೈಯಿಂದ ಗೆದ್ದ, ದೇವರ ಮಂಜೂಷವನ್ನು (ಒಡಂಬಡಿಕೆಯ ಪವಿತ್ರ ಪೆಟ್ಟಿಗೆಯನ್ನು) ಇಲ್ಲಿಗೆ ತಂದ. ಬೈಬಲಿನ ಮೊದಲ ಭಾಗವಾದ ಮೋಶೆಯ ಐದು ಪುಸ್ತಕಗಳಲ್ಲಂತೂ ಜೆರುಸಲೇಮ್ ಎಂಬ ಹೆಸರು ಒಂದು ಸಲವೂ ಬರುವುದಿಲ್ಲ. ಆ ಐದನ್ನು ಮಾತ್ರ ಒಪ್ಪುವ ಸಮಾರ್ಯರಿಗೆ ಇವತ್ತಿಗೂ ಪವಿತ್ರ ಜಾಗ ಗೆರಿಜೀಮ್ ಬೆಟ್ಟವೇ.

ನೀರಿಗೆ ವಾಪಸ್ ಬರೋಣ. ಹೊಳೆ ಇಲ್ಲ, ಆದರೆ ಒಂದು ಬುಗ್ಗೆ ಇದೆ. ಹೆಸರು ಗೀಹೋನ್. ವರ್ಷವಿಡೀ ನೀರು ಕೊಡುತ್ತಿದ್ದದ್ದು ಇದೊಂದೇ. ಇದರ ನಡವಳಿಕೆ ವಿಚಿತ್ರ. ನೀರು ಒಂದೇ ಸಮನೆ ಬರುವುದಿಲ್ಲ. ಸ್ವಲ್ಪ ಹೊತ್ತು ಸುಮ್ನಿರುತ್ತದೆ, ಆಮೇಲೆ ಭರ್ರನೆ ಉಕ್ಕುತ್ತದೆ. ಕ್ಯಾನಿಗೆ ಪೈಪ್ ಹಾಕಿ ಪೆಟ್ರೋಲ್ ಎಳೆಯುವುದನ್ನು ನೋಡಿದ್ದೀರಲ್ಲ, ಅದೇ ತತ್ವ. ಸುಣ್ಣಕಲ್ಲಿನ ಒಳಗೆ ಪೊಳ್ಳು ಇದೆ. ಮಳೆ ನೀರು ಇಳಿದಿಳಿದು ಅಲ್ಲಿ ತುಂಬಿಕೊಳ್ಳುತ್ತದೆ. ಹೊರಗೆ ಬರುವ ದಾರಿ ಮೇಲೆ ಬಾಗಿ ಕೆಳಗಿಳಿದಿದೆ. ನೀರು ಆ ಬಾಗು ಮುಟ್ಟಿದ್ದೇ ತಡ, ಒಳಗಿರುವುದನ್ನೆಲ್ಲ ಎಳೆದುಕೊಂಡು ಹೊರಬೀಳುತ್ತದೆ. ಪೊಳ್ಳು ಖಾಲಿಯಾದರೆ ನಿಲ್ಲುತ್ತದೆ, ಮತ್ತೆ ತುಂಬಬೇಕು. ಗೀಹೋನ್ ಎಂಬ ಹೆಸರಿನ ಮೂಲವೂ ಉಕ್ಕುವುದು ಎಂಬ ಅರ್ಥದ ಪದವೇ. ಏದೆನ್ ತೋಟದಿಂದ ಹೊರಟ ನಾಲ್ಕು ನದಿಗಳಲ್ಲಿ ಒಂದರ ಹೆಸರೂ ಗೀಹೋನ್. ಬುಗ್ಗೆಯನ್ನು ಕಂಡು ನದಿಗೆ ಹೆಸರಿಟ್ಟರೋ, ನದಿಯನ್ನು ನೆನೆದು ಬುಗ್ಗೆಗೆ ಇಟ್ಟರೋ. ಎರಡನ್ನೂ ಒಂದೇ ಹೆಸರಿನಲ್ಲಿ ಕರೆಯಲು ಅವರಿಗೆ ಮುಜುಗರವಿರಲಿಲ್ಲ.

ಈ ಸಣ್ಣ ನೀರೇ ರಾಜಕೀಯದ ಮಾತೂ ಆಯಿತು. ಅಶ್ಶೂರದ ಸೈನ್ಯ ಮೈಮೇಲೆ ಬರುತ್ತಿದ್ದ ಕಾಲದಲ್ಲಿ ಯೆಶಾಯ ಹೇಳಿದ. ಮೆಲ್ಲಗೆ ಹರಿಯುವ ಶಿಲೋಹದ ನೀರು ನಿಮಗೆ ಬೇಡವಾಯಿತು, ಅದಕ್ಕೇ ಯೂಫ್ರೆಟೀಸಿನ ಪ್ರವಾಹ ನಿಮ್ಮ ಕುತ್ತಿಗೆ ಮಟ್ಟ ಬರುತ್ತದೆ. ಶಿಲೋಹ ಎಂದರೆ ಗೀಹೋನಿನಿಂದ ಬರುವ ಕಾಲುವೆ. ಪ್ರವಾಹ ಎಂದರೆ ಅಶ್ಶೂರದ ಅರಸ.

ಆ ಪ್ರವಾಹ ಕ್ರಿ.ಪೂ. 701ರಲ್ಲಿ ಬಂತು. ಅಶ್ಶೂರದ ಸನ್ಹೇರೀಬ ಯೆಹೂದದ 46 ಕೋಟೆಯೂರುಗಳನ್ನು ಗೆದ್ದೆ, ಯೆಹೂದದ ಅರಸ ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಜೆರುಸಲೇಮಿನಲ್ಲಿ ಕೂಡಿಹಾಕಿದೆ ಎಂದು ಬರೆಸಿದ. ಹಿಜ್ಕೀಯ ಬರೀ ಪ್ರಾರ್ಥನೆ ಮಾಡಿಕೊಂಡು ಕೂತಿರಲಿಲ್ಲ. 7 ಮೀಟರ್ ದಪ್ಪದ ಗೋಡೆ ಎಬ್ಬಿಸಿದ್ದ. 1970ರ ದಶಕದಲ್ಲಿ ಅದನ್ನು ಅಗೆದಾಗ ಗೋಡೆಯ ಕೆಳಗೆ ಕೆಡವಿದ ಮನೆಗಳ ಗುರುತು ಸಿಕ್ಕಿತು. ಗೋಡೆ ಕಟ್ಟಲು ಮನೆಗಳನ್ನು ಎಣಿಸಿ ಕೆಡವಿದಿರಿ ಎಂದು ಯೆಶಾಯ ಬೈದಿರುವ ಸಾಲು ಪುಸ್ತಕದಲ್ಲಿ ಮೊದಲೇ ಇತ್ತು! ಬುಗ್ಗೆಯ ನೀರನ್ನು ಗೋಡೆಯೊಳಗೆ ತರಲು ಬಂಡೆಯಲ್ಲಿ 533 ಮೀಟರ್ ಸುರಂಗವನ್ನೂ ಕೊರೆಸಿದ. ಎರಡು ಗುಂಪು ಎರಡು ತುದಿಯಿಂದ ಕಡಿಯುತ್ತ ಬಂದು, ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿಸಿ, ನಡುವೆ ಸೇರಿಕೊಂಡರು. ಆ ಗಳಿಗೆಯನ್ನು ಅಲ್ಲೇ ಗೋಡೆಯ ಮೇಲೆ ಕೊರೆದಿಟ್ಟಿದ್ದಾರೆ. 1880ರಲ್ಲಿ ಪತ್ತೆಯಾದ ಆ ಶಾಸನ ಈಗ ಇಸ್ತಾಂಬುಲಿನಲ್ಲಿದೆ. ಅದರಲ್ಲಿ ದೇವರ ಹೆಸರೂ ಇಲ್ಲ, ರಾಜನ ಹೆಸರೂ ಇಲ್ಲ. ಗುದ್ದಲಿ, ಬಂಡೆ, 1,200 ಮೊಳ ಹರಿದ ನೀರು, ಅಷ್ಟೇ.

ಊರು ಉಳಿಯಿತು. ಹಿಜ್ಕೀಯ 30 ತಲಾಂತು (ಆ ಕಾಲದ ತೂಕದ ಅಳತೆ) ಚಿನ್ನದ ಕಪ್ಪ ಕೊಟ್ಟ. ಬೈಬಲೂ ಸನ್ಹೇರೀಬನ ಬರಹವೂ ಈ ಸಂಖ್ಯೆಯಲ್ಲಿ ಮಾತ್ರ ತಾಳೆಯಾಗುತ್ತವೆ, ಬೆಳ್ಳಿಯ ಲೆಕ್ಕ ಹೊಂದುವುದಿಲ್ಲ. ಜನರ ನೆನಪಿನಲ್ಲಿ ಚಿನ್ನ ನಿಲ್ಲಲಿಲ್ಲ. ದೇವರು ಈ ಊರನ್ನು ಬೀಳಲು ಬಿಡುವುದಿಲ್ಲ ಎಂಬ ನಂಬಿಕೆ ನಿಂತಿತು. ಸಂಕೇತಗಳ ಅಪಾಯ ಇದೇ ನೋಡಿ. ಹಾಡಿನ ಬೆಟ್ಟ ಅಲುಗಾಡುವುದಿಲ್ಲ ಎಂದರೆ ಸರಿ. ಕಲ್ಲಿನ ಗೋಡೆಯೂ ಅಲುಗಾಡುವುದಿಲ್ಲ ಎಂದು ಕೂತರೆ ಕಷ್ಟ.

ಇದಕ್ಕೆ ಮೊದಲೇ ತಕರಾರು ತೆಗೆದವನು ಮೀಕ. ಅವನು ರಾಜಧಾನಿಯವನಲ್ಲ, ಮೋರೆಷೆತ್ ಎಂಬ ಸಣ್ಣ ಊರಿನವನು. ಚೀಯೋನನ್ನು ಹೊಲದಂತೆ ಉಳುತ್ತಾರೆ ಎಂದುಬಿಟ್ಟ. ಸುಮಾರು ನೂರು ವರ್ಷದ ಮೇಲೆ ಯೆರೆಮೀಯ ಎಂಬ ಪ್ರವಾದಿ ದೇವಾಲಯದ ಬಾಗಿಲಲ್ಲೇ ನಿಂತು, ಇದು ಯೆಹೋವನ ಆಲಯ, ಯೆಹೋವನ ಆಲಯ ಅಂತ ಜಪ ಮಾಡಿದರೆ ಉಳಿಯುವುದಿಲ್ಲ ಎಂದಾಗ ಅವನನ್ನು ಕೊಲ್ಲಲು ಹೊರಟರು. ಕೆಲವು ಹಿರಿಯರು ಎದ್ದು ಮೀಕನ ಹಳೆಯ ಮಾತು ನೆನಪಿಸಿದರು. ತಲೆ ಉಳಿಯಿತು.

ಊರು ಉಳಿಯಲಿಲ್ಲ. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನ (ಬ್ಯಾಬಿಲೋನಿನ) ಅರಸ ನೆಬೂಕದ್ನೆಚ್ಚರನ ಸೈನ್ಯ ಎಲ್ಲವನ್ನೂ ಸುಟ್ಟಿತು. ಆಗ ಹುಟ್ಟಿದ ಪ್ರಲಾಪಗಳಲ್ಲಿ ಊರು ಒಬ್ಬ ಹೆಂಗಸು. ವಿಧವೆಯಂತೆ ಒಂಟಿಯಾಗಿ ಕೂತು ರಾತ್ರಿಯೆಲ್ಲ ಅಳುತ್ತಾಳೆ. ಆದರೆ ನನ್ನನ್ನು ತಡೆದು ನಿಲ್ಲಿಸುವುದು ಇನ್ನೊಂದು ಸಾಲು. ದಾರಿಹೋಕರು ಕೈತಟ್ಟಿ, ತಲೆಯಾಡಿಸಿ ಕೇಳುತ್ತಾರೆ. "ಇಡೀ ಭೂಮಿಗೆ ಸಂತೋಷ ಅಂತ ಹೇಳುತ್ತಿದ್ದ ಊರು ಇದೇನಾ?" ಅದು 48ನೇ ಕೀರ್ತನೆಯ ಮಾತು. ತಮ್ಮದೇ ಹಾಡನ್ನು ಅಣಕಿಸುವವರ ಬಾಯಲ್ಲಿ ಹಾಕಿ, ಅದನ್ನು ತಮ್ಮ ಪವಿತ್ರ ಗ್ರಂಥದಲ್ಲೇ ಇಟ್ಟುಕೊಂಡರು. ಮೂಲ ಹಾಡನ್ನೂ ಕಿತ್ತುಹಾಕಲಿಲ್ಲ.

ಬಾಬೆಲಿನ ಕೆಬಾರ್ ಕಾಲುವೆಯ ದಡದಲ್ಲಿ ಯೆಹೂದದಿಂದ ಒಯ್ದ ಸೆರೆಯವರ ಜೊತೆ ಯೆಹೆಜ್ಕೇಲ ಎಂಬ ಯಾಜಕನಿದ್ದ. ಊರು ಬೀಳುವ ಮೊದಲು ಅವನು ಹಸಿ ಇಟ್ಟಿಗೆಯ ಮೇಲೆ ಜೆರುಸಲೇಮಿನ ನಕ್ಷೆ ಗೀರಿ, ಅದಕ್ಕೇ ಮುತ್ತಿಗೆ ಹಾಕುವ ಆಟ ಕಟ್ಟಿದ್ದ. ಊರು ಬಿದ್ದ 14ನೇ ವರ್ಷದಲ್ಲಿ ಅವನಿಗೊಂದು ದರ್ಶನವಾಯಿತು. ದೇವಾಲಯದ ಹೊಸ್ತಿಲ ಕೆಳಗಿನಿಂದ ನೀರು ಜಿನುಗುತ್ತಿದೆ. ಸಾವಿರ ಮೊಳ ಅಳೆದು ಹೋದರೆ ಪಾದ ಮುಳುಗುವಷ್ಟು. ಇನ್ನೊಂದು ಸಾವಿರಕ್ಕೆ ಮೊಣಕಾಲು. ಮತ್ತೊಂದಕ್ಕೆ ಸೊಂಟ. ನಾಲ್ಕನೇ ಸಾವಿರಕ್ಕೆ ಈಜಲೇಬೇಕಾದ ಹೊಳೆ. ದೊಡ್ಡ ಕಾಲುವೆಗಳ ನಾಡಿನಲ್ಲಿ ಕೂತು ಗೀಹೋನನ್ನು ನೆನೆಸಿಕೊಂಡ ಮನುಷ್ಯನ ಕನಸು ಅಂತ ನನಗನ್ನಿಸುತ್ತದೆ. ಆ ನೀರು ಪೂರ್ವಕ್ಕೆ ಇಳಿದು ಮೃತ ಸಮುದ್ರ ಸೇರುತ್ತದೆ. ಮೀನು ಬದುಕದಷ್ಟು ಉಪ್ಪಿನ ನೀರು ಸಿಹಿಯಾಗುತ್ತದೆ. ಏನ್ಗೆದಿಯ ದಡದಲ್ಲಿ ಬೆಸ್ತರು ಬಲೆ ಒಣಹಾಕುತ್ತಾರೆ. ಎರಡೂ ದಡದಲ್ಲಿ ಹಣ್ಣಿನ ಮರ, ಎಲೆಯೆಲ್ಲ ಔಷಧಿ.

ಆದರೆ ಜವುಗು, ಗುಂಡಿಗಳು ಮಾತ್ರ ಸಿಹಿಯಾಗುವುದಿಲ್ಲ ಎಂದು ಅವನು ನಡುವೆ ಒಂದು ಸಾಲು ಸೇರಿಸುತ್ತಾನೆ. ಅವನ್ನು ಹಾಗೇ ಬಿಡಬೇಕು. ಉಪ್ಪಿಗೆ ಬೇಕಲ್ಲ.